ಟ್ರಂಪೆಟ್ ಬಂದರೆ ಹಾಲು ತರಬೇಕು

ಮುಳ್ಳಕ್ಕ ಆಕಳಿಸುತ್ತಾರೆ. ಸಣ್ಣಪುಟ್ಟ ಆಕಳಿಕೆಯಲ್ಲ, ದವಡೆ ಕಳಚಿ ಕೈಗೆ ಬಂದೀತು ಎನ್ನುವಂಥದ್ದು. ಆಕಳಿಸುತ್ತಲೇ ಎಡಗೈಯಲ್ಲಿ ರೆಕಾರ್ಡಿನ ಅಂಚು ಹಿಡಿದು, ಬಲಗೈಯ ಒದ್ದೆ ಹತ್ತಿಬಟ್ಟೆಯಿಂದ ಗೆರೆಗಳ ಗುಂಟ ಸುತ್ತಲೂ ಒರೆಸುತ್ತಾರೆ. ಕಣ್ಣು ಅರ್ಧ ಮುಚ್ಚಿದೆ, ಕೈ ಮಾತ್ರ ಪೂರ್ತಿ ಎಚ್ಚರವಾಗಿದೆ. ಈ ಕೋಣೆಗೆ ಕಿಟಕಿಯಿಲ್ಲ. ಪತ್ರಿಕೆಗೆ ಬರೆಯಲೆಂದು ನಾನು ಇವರ ಜೊತೆ ಒಳಗೆ ಬರುವಾಗ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು, ಗೇಟಿನ ಹತ್ತಿರದ ನಾಯಿ ತಲೆ ಎತ್ತಿ ನೋಡಿ, ಇವರೇ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಮಲಗಿತು. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು.

"ನನ್ನ ಮುಖಾನೇ ನೋಡ್ತಾ ಕೂತ್ಕೋಬೇಡಿ. ಆಕಳಿಕೆ ಅಂಟುಜಾಡ್ಯ," ಎನ್ನುತ್ತಾರೆ. ಅವರು ಹೇಳಿ ಮುಗಿಸುವಷ್ಟರಲ್ಲಿ ನನಗೂ ಅಂಟಿಕೊಂಡಿತ್ತು.

ಇದು ಬಾನುಲಿ ಕೇಂದ್ರದ ಎರಡನೇ ಮಹಡಿಯ ನಿಯಂತ್ರಣ ಕೋಣೆ. ಗೋಡೆಗೆಲ್ಲ ಸದ್ದು ಹೀರುವ ದಪ್ಪ ಬಟ್ಟೆ. ಮುಂದೆ ದೊಡ್ಡ ಗಾಜು, ಗಾಜಿನಾಚೆ ನಿರೂಪಕರ ಮೈಕು. ಈಚೆ ಮೇಜಿನ ಮೇಲೆ ರೆಕಾರ್ಡ್ ತಿರುಗಿಸುವ ಎರಡು ಯಂತ್ರಗಳು, ಒಂದು ಕಂಪ್ಯೂಟರ್, ಗಂಟೆಯ ಬದಲು ದೀಪ ಮಿಣುಕಿಸುವ ಒಂದು ಫೋನು. ಕುರ್ಚಿಯ ಕೈಗೆ ಸುತ್ತಿದ ಟೇಪು ಕೂಡ ಹರಿದು, ಅದರ ಮೇಲೆ ಇನ್ನೊಂದು ಟೇಪು ಸುತ್ತಲಾಗಿದೆ. ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ ಇಲ್ಲಿಂದ 'ಹೊಸತು ಹಳತು' ಎಂಬ ಜಾಜ್ ಸಂಗೀತದ ಕಾರ್ಯಕ್ರಮ ನೇರವಾಗಿ ಪ್ರಸಾರವಾಗುತ್ತದೆ. ಈಚೆಗೆ ಬಿಡುಗಡೆಯಾದದ್ದೊಂದು, ಅಜ್ಜಂದಿರ ಕಾಲದ ರೆಕಾರ್ಡೊಂದು, ಮತ್ತೆ ಹೊಸದೊಂದು, ಮತ್ತೆ ಹಳೆಯದೊಂದು. ಹೊಸದು ಕಂಪ್ಯೂಟರಿನಿಂದ, ಹಳೆಯದು ಗ್ರಾಮಾಫೋನ್ ತಟ್ಟೆಯಿಂದ. ನಿರೂಪಕರ ದನಿ ಊರಿಗೆಲ್ಲ ಗೊತ್ತು. ಆ ದನಿ ನಿಂತಾಗ ಸಂಗೀತ ಶುರುವಾಗುವಂತೆ ನೋಡಿಕೊಳ್ಳುವವರು ಮುಳ್ಳಕ್ಕ. ಇವರನ್ನು ಊರಿನಲ್ಲಿ ಯಾರೂ ನೋಡಿಲ್ಲ.

ಮುಳ್ಳು ಎಂದರೆ ಗ್ರಾಮಾಫೋನಿನ ಮುಳ್ಳು, ಸ್ವಭಾವದ್ದಲ್ಲ ಎಂದು ಅವರೇ ಸ್ಪಷ್ಟಪಡಿಸುತ್ತಾರೆ. ಎರಡೂ ಹೌದು ಎನ್ನುವುದು ಅವರ ಗಂಡನ ಅಭಿಪ್ರಾಯ.

ಒರೆಸಿದ ರೆಕಾರ್ಡುಗಳಲ್ಲಿ ಎರಡನ್ನು ಮಾತ್ರ ಇವತ್ತು ಬೇರೆಯಾಗಿ, ಮೇಜಿನ ಬಲತುದಿಗೆ ಇಟ್ಟಿದ್ದಾರೆ. ಒಂದು ಟ್ರಂಪೆಟ್, ಇನ್ನೊಂದು ಬರೀ ಪಿಯಾನೊ. ಕಾರ್ಯಕ್ರಮದ ಕೊನೆಗೆ ಇವೆರಡರಲ್ಲಿ ಒಂದು ಬರುತ್ತದೆ. ಅದು ಮುಗಿದ ಕೂಡಲೇ ಮುಳ್ಳಕ್ಕ ಕೆಳಗಿಳಿದು ಹೋಗಿ ಕೇಂದ್ರದ ಮುಖ್ಯಸ್ಥರಿಗೆ ಒಂದು ಉತ್ತರ ಹೇಳಬೇಕು: ಈ ಕುರ್ಚಿಯಲ್ಲೇ ಉಳಿಯುತ್ತಾರೋ, ಇದನ್ನು ಯಂತ್ರಕ್ಕೆ ಬಿಟ್ಟುಕೊಟ್ಟು ಹಗಲು ಪಾಳಿಗೆ ಹೋಗುತ್ತಾರೋ. ಉತ್ತರ ಏನೆಂದು ನನಗೆ ಹೇಳಿಲ್ಲ. ಗಂಡನಿಗೂ ಹೇಳಿಲ್ಲ. ಕೇಳಿದರೆ, "ಪ್ಲೇಟು ಹಾಕಿದಾಗ ಗೊತ್ತಾಗುತ್ತೆ, ಸುಮ್ನಿರಿ," ಎನ್ನುತ್ತಾರೆ.

ಜಾಜ್ ಎಂದರೆ ಮೂಗು ಮುರಿಯುವವರಿಗೆ ನಮ್ಮಲ್ಲಿ ಬರವಿಲ್ಲ. ನಾನೂ ಆ ಗುಂಪಿನವನೇ. ತಲೆ ಬುಡ ಗೊತ್ತಾಗದ ಸಂಗೀತ ಎಂದು ಮುಳ್ಳಕ್ಕನ ಎದುರೇ ಅಂದಿದ್ದೆ. ಅವರಿಗೆ ಬೇಜಾರಾಗಲಿಲ್ಲ.

"ಏನಿಲ್ಲ, ನಾಲ್ಕು ಜನ ಕೂತು ಹರಟೆ ಹೊಡೆದಂಗೆ. ಒಬ್ಬ ಒಂದು ಮಾತು ತೆಗೀತಾನೆ. ಇನ್ನೊಬ್ಬ ಅದನ್ನ ಹಿಡ್ಕೊಂಡು ಎಲ್ಲೆಲ್ಲಿಗೋ ಎಳ್ಕೊಂಡು ಹೋಗ್ತಾನೆ. ಮೂರನೆಯೋನು ಮಧ್ಯೆ ಬಾಯಿ ಹಾಕ್ತಾನೆ. ಕೊನೆಗೆ ಎಲ್ರೂ ಮೊದಲ್ನೇ ಮಾತಿಗೇ ಬಂದು ನಿಲ್ತಾರೆ. ಹರಟೆ ಹೊಡೆಯೋರಿಗೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಕೇಳೋರಿಗೆ ಕೆಲವು ಸಲ ಗೊತ್ತಾಗುತ್ತೆ," ಎಂದರು.

ಕೇಂದ್ರಕ್ಕೆ ಅವರು ಬಂದದ್ದು ರೆಕಾರ್ಡುಗಳ ಕಪಾಟಿನ ಧೂಳು ಹೊಡೆಯುವ ಕೆಲಸಕ್ಕೆ. ಆಗ ಈ ಕುರ್ಚಿಯಲ್ಲಿದ್ದ ಹಿರಿಯರು ಇವರನ್ನು ಕರೆದು ಕೂರಿಸಿಕೊಂಡು ಮುಳ್ಳು ಇಡುವುದು, ಎತ್ತುವುದು, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವುದು ಎಲ್ಲ ಕಲಿಸಿದರು. ಇವರಲ್ಲಿ ಏನು ಕಂಡರೋ ಎಂದು ಕೇಳಿದರೆ ಮುಳ್ಳಕ್ಕ ನಗುತ್ತಾರೆ. "ಏನೂ ಕಾಣ್ಲಿಲ್ಲ. ಅವರಿಗೆ ಕತ್ತಲಲ್ಲಿ ಏಳೋಕೆ ಆಗ್ತಿರ್ಲಿಲ್ಲ, ಅಷ್ಟೆ. ನನಗೂ ಆಗಲ್ಲ. ಆದ್ರೆ ಹೊಸಬಳು ನೋಡಿ, ಆಗಲ್ಲ ಅಂತ ಹೇಳೋ ಧೈರ್ಯ ಇರ್ಲಿಲ್ಲ. ಅವತ್ತಿಂದ ಏಳ್ತಾನೇ ಇದ್ದೀನಿ."

ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹಿಂದಿನ ಬೀದಿಯಲ್ಲೇ ಸಂಸಾರ ಹೂಡಿದಳು. ಮುಳ್ಳಕ್ಕನ ಅಲಾರಾಂ ಮಾತ್ರ ಅದೇ ಹೊತ್ತಿಗೆ ಬಡಿದುಕೊಳ್ಳುತ್ತದೆ. ನಿದ್ದೆ ಇಷ್ಟು ವರ್ಷದಲ್ಲಿ ಒಂದು ದಿನವೂ ತುಂಬಿಲ್ಲ ಎನ್ನುತ್ತಾರೆ. ಮದುವೆಮನೆಯಲ್ಲಿ ಕೂತಲ್ಲೇ ತೂಕಡಿಸಿದ್ದಾರೆ. ಹಲ್ಲು ಕೀಳಿಸಿಕೊಳ್ಳಲು ಹೋಗಿ ಆ ಕುರ್ಚಿಯಲ್ಲೂ ನಿದ್ದೆ ಹೊಡೆದಿದ್ದಾರೆ. "ಆ ಕುರ್ಚಿ ಹಿಂದಕ್ಕೆ ವಾಲುತ್ತಲ್ಲ, ಎಷ್ಟು ಸುಖ ಅಂತೀರಿ! ಇನ್ನೊಂದು ಹಲ್ಲು ಕೀಳಿ ಅನ್ನೋ ಹಂಗಾಗಿತ್ತು."

ಹೊಸ ಬಿಡುಗಡೆಗಳನ್ನೆಲ್ಲ ಮೊದಲು ಕೇಳಿ ಆರಿಸುವುದೂ ಇವರದೇ ಕೆಲಸ. ಕಂಪ್ಯೂಟರಿಗೆ ದಿನಾ ಬಂದು ಬೀಳುತ್ತಲೇ ಇರುತ್ತವೆ. ಮಧ್ಯಾಹ್ನ ಮನೆಗೆ ಹೋದ ಮೇಲೆ ಬಟ್ಟೆ ಮಡಚುತ್ತಾ, ತರಕಾರಿ ಹೆಚ್ಚುತ್ತಾ, ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಈಗ ಅವರಿಗೆ ಸಂಗೀತಕ್ಕಿಂತ ಸದ್ದಿಲ್ಲದಿರುವುದೇ ಇಷ್ಟ. ಮನೆಯಲ್ಲಿ ಟಿವಿ ಇದೆ, ದನಿ ಇಲ್ಲ. ಮೊಮ್ಮಗಳು ಬಂದರೆ ಮೊದಲ ಐದು ನಿಮಿಷ ಮುದ್ದು, ಆರನೆಯ ನಿಮಿಷಕ್ಕೆ, "ಮೆತ್ತಗೆ ಚಿನ್ನಾ, ಅಜ್ಜಿ ಕಿವಿ ಸುಸ್ತಾಗಿದೆ." ಹೀಗೆ ಸುಸ್ತಾದ ಕಿವಿಯೇ ಮಾರನೆಯ ಬೆಳಿಗ್ಗೆ ಮೊನ್ನೆ ಮೊನ್ನೆಯ ಒಂದು ಡ್ರಮ್ಮಿನ ಕೊನೆಯ ಪೆಟ್ಟು ಆರುವ ಮುಂಚೆ, ಎಪ್ಪತ್ತು ವರ್ಷ ಹಿಂದಿನ ಇನ್ನೊಂದು ಡ್ರಮ್ಮಿನ ಮೊದಲ ಪೆಟ್ಟನ್ನು ತಂದು ಕೂಡಿಸುತ್ತದೆ. ಜೋಡಿಸಿದ್ದು ಎಲ್ಲಿ ಎಂದು ನಾನು ಕಿವಿ ನಿಮಿರಿಸಿ ಕೂತಿದ್ದರೂ ಹಿಡಿಯಲಾಗಲಿಲ್ಲ.

ಇನ್ನು ಅವರ ಗಂಡನ ವಿಷಯ. ಅವರಿಲ್ಲದೆ ಈ ಕತೆ ಮುಂದೆ ಹೋಗುವುದಿಲ್ಲ.

ಮುಳ್ಳಕ್ಕ 'ನಮ್ಮನೆಯವರು' ಎನ್ನುವ ಈ ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ ಸಿಟಿ ಬಸ್ಸಿನ ಡ್ರೈವರ್. ಮದುವೆಯಾದಾಗಿನಿಂದ ರಾತ್ರಿ ಪಾಳಿ. ಬೆಳಗಾದ ಮೇಲೆ ಕೊನೆಯ ಟ್ರಿಪ್ಪಿನ ಜನರನ್ನು ಇಳಿಸಿ, ಖಾಲಿ ಬಸ್ಸನ್ನು ಡಿಪೋಗೆ ಒಯ್ದು ಬಿಟ್ಟು ಮನೆಗೆ ಬರುತ್ತಾರೆ. ಅವರು ಬರುವ ಹೊತ್ತಿಗೆ ಇವರು ಕೇಂದ್ರದಲ್ಲಿರುತ್ತಾರೆ. ಇವರು ಮರಳುವ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿರುತ್ತಾರೆ. ಸಂಜೆ ಅವರಿಗೆ ಎಚ್ಚರವಾದಾಗ ಇವರ ಕಣ್ಣು ಕೂರುತ್ತಿರುತ್ತದೆ. ಒಂದೇ ಮಂಚ, ಒಂದೇ ದಿಂಬು, ಸರದಿಯ ಮೇಲೆ. "ಜಗಳ ಆಡೋಕೂ ಟೈಮ್ ಸಿಗ್ಲಿಲ್ಲ. ಅದಕ್ಕೇ ಸಂಸಾರ ಇಷ್ಟು ದಿನ ನಡೀತು," ಎಂದು ಅವರು ಹೇಳಿದರೆ, ಒಳಗಿನಿಂದ ಇವರು, "ಅಯ್ಯೋ, ಟೈಮ್ ಮಾಡ್ಕೊಂಡು ಆಡಿದ್ದೀವಿ ಬಿಡಿ!" ಎನ್ನುತ್ತಾರೆ.

ಮಗಳು ಕೂಸಾಗಿದ್ದಾಗ ಮನೆಯಲ್ಲಿ ಫೋನ್ ಇರಲಿಲ್ಲ. ಡ್ರೈವರಣ್ಣನ ತಾಯಿ ಜೊತೆಗಿದ್ದು ಮಗುವನ್ನು ನೋಡಿಕೊಳ್ಳುತ್ತಿದ್ದರು. ತೊಂದರೆ ಎಂದರೆ ಹಾಲಿನದು. "ರಾತ್ರಿಯೆಲ್ಲ ಮಗು ಹಾಲು ಕುಡಿದು ಖಾಲಿ ಮಾಡಿರೋದು. ಇವಳು ಕತ್ತಲಲ್ಲೇ ಹೊರಟುಬಿಡೋಳು. ನಾನು ಏನೂ ಗೊತ್ತಿಲ್ದೆ ಕೈಬೀಸ್ಕೊಂಡು ಮನೆಗೆ ಬಂದ್ರೆ ಮಗು ಒಂದ್ಕಡೆ ಕಿರುಚ್ತಾ ಇದೆ, ನಮ್ಮಮ್ಮ ಇನ್ನೊಂದ್ಕಡೆ ಕಿರುಚ್ತಾ ಇದ್ದಾಳೆ. ಮತ್ತೆ ಅಂಗಡಿಗೆ ಓಡ್ಬೇಕು. ಕಾಲಲ್ಲಿ ಶಕ್ತಿ ಇರೋದಾದ್ರೂ ಹೇಗೆ, ರಾತ್ರಿಯೆಲ್ಲ ಬ್ರೇಕ್ ತುಳಿದಿರ್ತೀನಿ," ಎಂದು ಡ್ರೈವರಣ್ಣ ನೆನೆಸಿಕೊಳ್ಳುತ್ತಾರೆ.

ಬಸ್ಸಿನಲ್ಲಿ ರೇಡಿಯೊ ಇತ್ತು. ಖಾಲಿ ಬಸ್ಸಿನಲ್ಲಿ ಬರುವಾಗ ಹೆಂಡತಿ ಹಾಕಿದ ಹಾಡು ಕೇಳುತ್ತಾ ಬರುವುದು ಅವರ ಪದ್ಧತಿ. ನಿರೂಪಕರೋ, ಕೊನೆಯ ಹಾಡನ್ನು ಮುಳ್ಳಕ್ಕನಿಗೇ ಬಿಟ್ಟುಬಿಡುತ್ತಿದ್ದರು. "ನಿಂಗಿಷ್ಟ ಬಂದಿದ್ದು ಹಾಕಮ್ಮ, ಅದಕ್ಕೆ ತಕ್ಕಂತೆ ನಾನೇನಾದ್ರೂ ಹೇಳ್ತೀನಿ," ಎನ್ನುತ್ತಿದ್ದರಂತೆ. ಗಂಡ ಹೆಂಡತಿ ಒಂದು ಸಂಜೆ ಕೂತು ಇತ್ಯರ್ಥ ಮಾಡಿಕೊಂಡರು. ಕೊನೆಗೆ ಟ್ರಂಪೆಟ್ ಬಂದರೆ ಹಾಲು ತರಬೇಕು. ಡ್ರಮ್ಮಿನ ಅಬ್ಬರ ಬಂದರೆ ಮಗುವಿಗೆ ಮೈ ಬಿಸಿಯಿದೆ, ಎಲ್ಲೂ ನಿಲ್ಲದೆ ಬೇಗ ಹೋಗಿ. ಬರೀ ಪಿಯಾನೊ ಬಂದರೆ ಏನೂ ಬೇಡ, ಸೀದಾ ಹೋಗಿ ಮಲಗಿ. ಸ್ಯಾಕ್ಸೋಫೋನ್ ಬಂದರೆ ನಿಮ್ಮ ಮೇಲೆ ಕೋಪ ಬಂದಿದೆ.

"ಸ್ಯಾಕ್ಸೋಫೋನ್ ಬಂದ ದಿನ ನಾನು ಡಿಪೋದಲ್ಲೇ ಒಂದು ಗಂಟೆ ಜಾಸ್ತಿ ಕೂತಿದ್ದು ಬರ್ತಿದ್ದೆ," ಎನ್ನುತ್ತಾರೆ ಡ್ರೈವರಣ್ಣ. ಕೋಪ ಯಾಕೆಂದು ಗೊತ್ತಾಗುತ್ತಿತ್ತೇ? "ಅದನ್ನೆಲ್ಲ ಹೇಳೋಕೆ ಸಾಕಾಗೋಷ್ಟು ದೊಡ್ಡ ಬ್ಯಾಂಡ್ ಇನ್ನೂ ಹುಟ್ಟಿಲ್ಲ."

ಮೊಬೈಲ್ ಬಂತು. ಆದರೆ ನಿಯಂತ್ರಣ ಕೋಣೆಗೆ ಮೊಬೈಲ್ ಒಯ್ಯುವಂತಿಲ್ಲ, ಸ್ಟಿಯರಿಂಗ್ ಹಿಡಿದವರು ಮುಟ್ಟುವಂತಿಲ್ಲ. ಹಳೆಯ ಪದ್ಧತಿಯೇ ಉಳಿಯಿತು. ಮಗಳಿಗೆ ಮಗಳು ಹುಟ್ಟಿದರೂ ಊರಿಗೆಲ್ಲ ಕೇಳುವಂತೆ ಮುಳ್ಳಕ್ಕ ಹಾಲು ತರಲು ಹೇಳುತ್ತಲೇ ಇದ್ದರು. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಎರಡು ಸಲ ಕೇಳಿದ್ದೇನೆ. "ಬರ್ಕೊಳಿ. ಯಾರಿಗೇನು ನಷ್ಟ ಆಯ್ತು? ಟ್ರಂಪೆಟ್ಟಲ್ಲಿ ಒಳ್ಳೇದನ್ನೇ ಹುಡುಕಿ ಹಾಕ್ತಿದ್ದೆ. ಹಾಲು ಬೇಕು ಅಂತ ಕಳಪೆ ಪ್ಲೇಟು ಯಾವತ್ತೂ ಹಾಕ್ಲಿಲ್ಲ," ಎಂದರು, ಸ್ವಲ್ಪ ಬಿರುಸಾಗಿಯೇ.

ಎಲ್ಲ ಕೆಟ್ಟದ್ದು ಹೋದ ತಿಂಗಳು. ಮಗಳಿಗೆ ಎರಡನೇ ಹೆರಿಗೆಯಾಗಿತ್ತು. ರಾತ್ರಿ ಹೋಗಿ ಅಲ್ಲಿ ಕೂಸನ್ನು ಎತ್ತಿಕೊಂಡು ಓಡಾಡುವುದು, ಅಲ್ಲಿಂದಲೇ ಕತ್ತಲಲ್ಲಿ ಕೇಂದ್ರಕ್ಕೆ ಬರುವುದು. ಹೀಗೇ ಒಂದು ವಾರ ನಡೆದಿತ್ತು. ಆ ದಿನ ಕಾರ್ಯಕ್ರಮದ ನಡುವೆ ಒಂದು ಹಳೆಯ ಉದ್ದದ ರೆಕಾರ್ಡ್ ಇತ್ತು. ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಅಂಥದ್ದು ಬಂದಾಗ ನಿರೂಪಕರು ಕೆಳಗಿಳಿದು ರಸ್ತೆಯಾಚೆ ಚಹಾ ಕುಡಿದು ಬರುವುದು ವಾಡಿಕೆ. ಅವರು ಹೋದರು. ಮುಳ್ಳಕ್ಕ ಮುಳ್ಳು ಇಟ್ಟರು, ಕೆನ್ನೆಗೆ ಕೈ ಕೊಟ್ಟರು. ಅಷ್ಟೇ ನೆನಪು.

ರೆಕಾರ್ಡ್ ಮುಗಿದರೆ ಮುಳ್ಳು ತಾನಾಗಿ ಏಳುವುದಿಲ್ಲ. ನಡುವಿನ ಕೊನೆಯ ಗೆರೆಯಲ್ಲೇ ಸುತ್ತುತ್ತಾ ಸರ್ರ್... ಟಕ್, ಸರ್ರ್... ಟಕ್ ಎನ್ನುತ್ತಿರುತ್ತದೆ. ಪ್ರಸಾರದಲ್ಲಿ ಸದ್ದು ಪೂರ್ತಿ ನಿಂತರೆ ಗಂಟೆ ಹೊಡೆದು, ತಾನಾಗಿ ಒಂದು ಜಾಹೀರಾತು ಹಾಕುವ ಯಂತ್ರ ಕೇಂದ್ರದಲ್ಲಿದೆ. ಆದರೆ ಅದರ ಪಾಲಿಗೆ ಸರ್ರ್ ಟಕ್ ಕೂಡ ಸದ್ದೇ. ಅದು ಸುಮ್ಮನಿತ್ತು. ಮುಳ್ಳಕ್ಕ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ಊರಿಗೆಲ್ಲ ಹತ್ತು ಹನ್ನೆರಡು ನಿಮಿಷ ಸರ್ರ್ ಟಕ್ ಪ್ರಸಾರವಾಯಿತು.

ಅದನ್ನು ಕೇಳುತ್ತಾ ಖಾಲಿ ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣ ಮೊದಲು ತಲೆ ಕೆರೆದುಕೊಂಡರು. "ಇದ್ಯಾವ ಹೊಸ ಸಂಜ್ಞೆ ಅಂತ ಯೋಚ್ನೆ ಮಾಡ್ದೆ. ಹಾಲೂ ಅಲ್ಲ, ಕೋಪಾನೂ ಅಲ್ಲ. ಆಮೇಲೆ ಹೊಳೀತು. ಇವಳು ಮುಳ್ಳು ಎತ್ತದೇ ಇರೋಳೇ ಅಲ್ಲ. ಏನೋ ಆಗಿದೆ, ಬಿದ್ದುಬಿಟ್ಟಿದ್ದಾಳೆ ಅನ್ನಿಸ್ತು."

ಕೇಂದ್ರ ಇರುವುದು ಡಿಪೋ ದಾರಿಯಲ್ಲೇ. ಎದುರಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಕಾವಲುಗಾರ ಯಾರು ಏನು ಎಂದು ಕೇಳುವುದರೊಳಗೆ ಎರಡು ಮಹಡಿ ಹತ್ತಿದರು. ಬಾಗಿಲು ದೂಡಿದರೆ ಹೆಂಡತಿ ಮಲಗಿದ್ದಾರೆ. ಉಸಿರಾಡುತ್ತಿದ್ದಾರೆ, ಸಣ್ಣಗೆ ಗೊರಕೆಯೂ ಇದೆ. ಡ್ರೈವರಣ್ಣ ಗೋಡೆಗೊರಗಿ ನಿಂತು ಅತ್ತುಬಿಟ್ಟರಂತೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಪಾಪ, ಮಲಗಲಿ ಎಂದು ತಾವೇ ಮೆಲ್ಲಗೆ ಮುಳ್ಳು ಎತ್ತಿದರು.

ಸದ್ದು ನಿಂತಿತು. ಕೂಡಲೇ ಯಂತ್ರ ಎಚ್ಚೆತ್ತು, ಗಂಟೆ ಬಡಿದು, ಹಲ್ಲುಜ್ಜುವ ಪೇಸ್ಟಿನ ಜಾಹೀರಾತನ್ನು ಗಂಟಲು ಹರಿಯುವಂತೆ ಕೂಗಿಸಿತು. ಮುಳ್ಳಕ್ಕ ಬೆಚ್ಚಿ ಎದ್ದರು. ಎದುರಿಗೆ ಸಮವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಗಂಡ, ಬಾಗಿಲಲ್ಲಿ ಏದುಸಿರು ಬಿಡುತ್ತಿರುವ ನಿರೂಪಕರು, ಕೈಯಲ್ಲಿ ಅರ್ಧ ಕುಡಿದ ಚಹಾ.

ನಿರೂಪಕರ ತಲೆ ಬಿಳಿಯಾಗಿದೆ, ಮಾತು ಬಿಳಿಯಾಗಿಲ್ಲ. ಆ ದಿನದ್ದನ್ನು ಅವರು ಅಭಿನಯ ಮಾಡಿಯೇ ಹೇಳುತ್ತಾರೆ. ಫೋನಿನ ದೀಪ ಮಿಣುಕುತ್ತಲೇ ಇತ್ತು. ಎತ್ತಿದರೆ ಬೈಗುಳ ಗ್ಯಾರಂಟಿ ಎಂದುಕೊಂಡು ಎತ್ತಿದರು. ಮೊದಲನೆಯವರು ಕೇಳಿದ್ದು, "ಈಗ ಹಾಕಿದ್ರಲ್ಲ, ಆ ಹೊಸ ರೆಕಾರ್ಡ್ ಯಾರದ್ದು? ಬಹಳ ಧೈರ್ಯದ ಪ್ರಯೋಗ." ಎರಡನೆಯವರಿಗೆ ಅದು ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಿತ್ತು. "ಕಲಾವಿದರಿಗೆ ಪ್ರಚಾರ ಇಷ್ಟ ಇಲ್ಲ ಅಂತ ಹೇಳಿ ಫೋನ್ ಇಟ್ಟೆ. ಇನ್ನೇನು ಹೇಳ್ಲಿ?" ಎನ್ನುತ್ತಾರೆ.

ಆದರೆ ಅವರಿಗೆ ಬೇರೆಯದೇ ಒಂದು ನೋವಿದೆ. ಡ್ರೈವರ್ ಇಲ್ಲಿಗೇಕೆ ಓಡಿಬಂದರು ಎಂದು ವಿಚಾರಿಸುವಾಗ ಟ್ರಂಪೆಟ್ಟಿನ ಗುಟ್ಟು ಹೊರಬಿತ್ತು. "ಅಲ್ಲಾ, ನಾನು ಇಷ್ಟು ವರ್ಷ ಆ ಕೊನೇ ಹಾಡಿಗೆ ಏನೆಲ್ಲ ವ್ಯಾಖ್ಯಾನ ಕೊಟ್ಟೆ! ಈ ಟ್ರಂಪೆಟ್ಟಿನಲ್ಲಿ ಮನುಷ್ಯನ ಆಳವಾದ ಹಂಬಲ ಇದೆ ಅಂದೆ. ನೋಡಿದ್ರೆ ಹಾಲು ತನ್ನಿ ಅಂತ!" ಮುಳ್ಳಕ್ಕ ಗಾಜಿನ ಈಚೆಯಿಂದ, "ಹಂಬಲಾನೇ ಸರ್ ಅದು. ಹಾಲಿಲ್ದೆ ಚಹಾ ಕುಡಿದು ನೋಡಿ, ಗೊತ್ತಾಗುತ್ತೆ," ಎನ್ನುತ್ತಾರೆ.

ಕೇಂದ್ರದ ಮುಖ್ಯಸ್ಥರು ಕೂಗಾಡುವವರಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಜಾಹೀರಾತು ಬಂದದ್ದಕ್ಕೆ ಅವರು ಮೇಲಿನವರಿಗೆ ಸಮಜಾಯಿಷಿ ಕೊಡಬೇಕಾಗಿ ಬಂತು. ಮುಳ್ಳಕ್ಕನನ್ನು ಕರೆಸಿ, ಕೂರಿಸಿ, ನಿಧಾನವಾಗಿ ಹೇಳಿದರಂತೆ. "ಶಿಕ್ಷೆ ಅಂತ ತಿಳ್ಕೋಬೇಡಿ. ನಿಮಗೂ ಸುಸ್ತು, ನಮಗೂ ಭಯ. ಹಗಲು ಪಾಳಿಗೆ ಬನ್ನಿ. ಹಾಡನ್ನ ನೀವೇ ಆರಿಸಿ, ನೀವೇ ಜೋಡಿಸಿ, ವಾರಕ್ಕಾಗೋಷ್ಟು ಯಂತ್ರಕ್ಕೆ ತುಂಬಿಸಿಡಿ. ನಿರೂಪಕರೂ ಹಗಲಲ್ಲೇ ಮಾತಾಡಿಟ್ಟು ಹೋಗ್ಲಿ. ಬೆಳಿಗ್ಗೆ ಅದು ನುಡಿಸುತ್ತೆ, ನೀವು ಹೊದ್ದು ಮಲಗಿ. ಇಲ್ಲ, ಇಲ್ಲೇ ಇರ್ತೀನಿ ಅಂದ್ರೆ ಇರಿ, ನಾನು ಕಳಿಸಲ್ಲ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ. ಮುಂದಿನ ತಿಂಗಳ ಕೊನೇ ಶನಿವಾರ ಉತ್ತರ ಹೇಳಿ." ಆ ಶನಿವಾರ ಇವತ್ತು.

ತಾನಾಗಿ ನುಡಿಸುವ ಆ ಯಂತ್ರ ಅಷ್ಟು ಕೆಟ್ಟದ್ದೇ? ಮುಳ್ಳಕ್ಕನೇ ಇಲ್ಲ ಎನ್ನುತ್ತಾರೆ. ಪ್ರಯೋಗಕ್ಕೆಂದು ಒಂದು ಗಂಟೆಯ ಕಾರ್ಯಕ್ರಮ ತುಂಬಿಸಿ ಕೇಳಿದ್ದಾರೆ. ಚೆನ್ನಾಗಿಯೇ ಇತ್ತು. "ಮುಳ್ಳು ಸವೆಯಲ್ಲ, ಧೂಳು ಕೂರಲ್ಲ, ಅದಕ್ಕೆ ಮೊಮ್ಮಕ್ಕಳೂ ಇಲ್ಲ. ಏನ್ ತಪ್ಪು ಹೇಳ್ಲಿ? ಒಂದೇ ತೊಂದರೆ. ಒಂದು ವಾರ ಮುಂಚೆಯೇ ತುಂಬಿಸಿಡ್ಬೇಕಲ್ಲ, ಬರೋ ಬುಧವಾರ ಹಾಲು ಮುಗಿಯುತ್ತೋ ಇಲ್ವೋ ಇವತ್ತೇ ಹೇಳೋಕಾಗುತ್ತಾ?"

ಮಗಳಿಗಂತೂ ಇದು ಅರ್ಥವೇ ಆಗುವುದಿಲ್ಲ. ಎಳೆಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಎದುರೇ ತಾಯಿಗೆ ಜೋರು ಮಾಡಿದಳು. "ಅಮ್ಮಾ, ಈಗ ಹಾಲು ಬಾಗಿಲಿಗೇ ಬರುತ್ತೆ. ಅದಕ್ಕೋಸ್ಕರ ಕತ್ತಲಲ್ಲಿ ಎದ್ದು ಸಾಯ್ತೀನಿ ಅಂತೀಯಲ್ಲ! ಯಾರಿಗ್ ಬೇಕಾಗಿದೆ ನಿನ್ನ ಟ್ರಂಪೆಟ್ಟು?" ಮುಳ್ಳಕ್ಕ ಕೂಸಿನ ಹೊದಿಕೆ ಸರಿಮಾಡಿದರು. ಆಮೇಲೆ ಮೆಟ್ಟಿಲಿಳಿಯುವಾಗ ನನಗೆ ಮಾತ್ರ ಕೇಳುವಂತೆ ಅಂದರು: "ಅವಳು ಹೇಳೋದು ಸರಿ. ನಿಜ ಹೇಳ್ಲಾ? ಆ ದಿನ ಮೇಜಿನ ಮೇಲೆ ಮಲಗಿದ್ನಲ್ಲ, ಅಂಥ ನಿದ್ದೆ ನಂಗೆ ಯಾವತ್ತೂ ಬಂದಿರ್ಲಿಲ್ಲ. ಎದ್ದಾಗ ನಾಚಿಕೆ ಆಗೋಕೆ ಮುಂಚೆ ಸಿಟ್ಟು ಬಂತು, ಯಾಕಾದ್ರೂ ಎಬ್ಬಿಸಿದ್ರೋ ಅಂತ. ಆದ್ರೆ ಈ ಮನುಷ್ಯನ ಜೊತೆ ನಾನು ಮಾತಾಡಿದ್ದೆಲ್ಲ ಆ ಪ್ಲೇಟಲ್ಲೇ. ಅದೂ ಹೋದ್ರೆ ಏನ್ ಮಾತಾಡ್ಬೇಕು ಅಂತ ಗೊತ್ತಿಲ್ಲ ನಂಗೆ."

ಡ್ರೈವರಣ್ಣ ಏನು ಹೇಳುತ್ತಾರೆ? "ನಾನು ಬಾಯಿ ಬಿಡಲ್ಲಪ್ಪ. ಏನಾದ್ರೂ ಅಂದ್ರೆ ಸ್ಯಾಕ್ಸೋಫೋನ್ ಹಾಕ್ತಾಳೆ."

ಗಾಜಿನಾಚೆ ದೀಪ ಕೆಂಪಾಗುತ್ತದೆ. ಇವತ್ತಿನ 'ಹೊಸತು ಹಳತು' ಶುರು. ಮೊದಲು ಹೊಸದು, ಹೋದ ವಾರ ಬಿಡುಗಡೆಯಾದದ್ದು. ಅದರಲ್ಲಿ ಆಳೆತ್ತರದ ಪಿಟೀಲನ್ನು ಕಮಾನಿಲ್ಲದೆ ಬೆರಳಿಂದಲೇ ಮೀಟಿದ್ದಾರೆ. ಅದು ಮುಗಿಯುವ ಮುಂಚೆ ಮುಳ್ಳಕ್ಕ ಹಳೆಯ ರೆಕಾರ್ಡಿನ ಮೇಲೆ ಮುಳ್ಳು ಇಟ್ಟು, ಮೊದಲ ಸದ್ದು ಹುಡುಕಿ, ತಟ್ಟೆಯನ್ನು ಬೆರಳಿನಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದುಕೊಳ್ಳುತ್ತಾರೆ. ಬೆರಳು ಬಿಟ್ಟರು. ಇದು ಹೋಗಿ ಅದು ಬಂತು. ಮತ್ತೆ ಆಕಳಿಕೆ. ಕಣ್ಣಿಗೆ ತಣ್ಣೀರು ಹಾಕಿಕೊಳ್ಳಲು ಮೇಜಿನ ಕೆಳಗೆ ಒಂದು ಬಾಟಲಿ, ಒಂದು ಟವೆಲ್ಲು. ಆ ಘಟನೆಯ ಮೇಲೆ ಇದು ಹೊಸ ಏರ್ಪಾಡು. ನಿರೂಪಕರೂ ಈಗ ಚಹಾಕ್ಕೆ ಇಳಿಯುವುದಿಲ್ಲ. ಗಾಜಿನಾಚೆಯಿಂದ ಆಗಾಗ ಕೈಬೀಸುತ್ತಾರೆ, ಇವರು ವಾಪಸ್ ಬೀಸಬೇಕು. "ಚಿಕ್ಕಮಕ್ಕಳ ಆಟ ಆಗೋಗಿದೆ," ಎಂದು ಗೊಣಗುತ್ತಾ ಬೀಸುತ್ತಾರೆ.

ಗಂಟೆ ಕಳೆಯುತ್ತಾ ಬಂತು. ಕೊನೆಯ ಹೊಸ ಹಾಡು ಕಂಪ್ಯೂಟರಿನಲ್ಲಿ ಓಡುತ್ತಿದೆ. ಮುಳ್ಳಕ್ಕ ಬಲತುದಿಯ ಎರಡು ರೆಕಾರ್ಡುಗಳ ಕಡೆ ನೋಡುತ್ತಾರೆ. ಟ್ರಂಪೆಟ್ಟನ್ನು ಎತ್ತಿಕೊಂಡರು. ಜಾಜ್‌ಗೆ ಮೂಗು ಮುರಿದವನಿಗೆ ಇದೇನು ಬಂತೋ ಗೊತ್ತಿಲ್ಲ, ಅದನ್ನೇ ಹಾಕಲಿ ಎಂದು ಮನಸ್ಸು ಕೂಗುತ್ತಿತ್ತು. ಅವರು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಕಾಣದ ಯಾವುದೋ ಧೂಳನ್ನು ಊದಿದರು. ಆಮೇಲೆ ಅದನ್ನು ಅದರ ಚೀಲಕ್ಕೆ ಸೇರಿಸಿ, ಪಕ್ಕಕ್ಕಿಟ್ಟು, ಪಿಯಾನೊ ತೆಗೆದು ಯಂತ್ರದ ಮೇಲಿಟ್ಟರು.

ಗಾಜಿನಾಚೆ ನಿರೂಪಕರಿಗೂ ಕಂಡಿತು. ಕೊನೆಯ ಹಾಡಿನ ಬಗ್ಗೆ ಹೇಳಲು ಅವರು ಏನೋ ಸಿದ್ಧ ಮಾಡಿಕೊಂಡಿದ್ದಿರಬೇಕು. ಹೇಳಲಿಲ್ಲ. "ಕೇಳುಗರೇ, ಕೊನೆಯದಾಗಿ ಪಿಯಾನೊ," ಎಂದರು. "ಇದರ ಅರ್ಥವನ್ನು ನಾನು ವಿವರಿಸುವುದಿಲ್ಲ."

ಮುಳ್ಳಕ್ಕ ಮುಳ್ಳು ಇಟ್ಟರು. ಒಬ್ಬನೇ ಮನುಷ್ಯ, ಒಂದೇ ಪಿಯಾನೊ. ಬಹಳ ಹಿಂದೆ, ಯಾವುದೋ ಕೋಣೆಯಲ್ಲಿ, ಆತುರವೇ ಇಲ್ಲದೆ ನುಡಿಸಿದ್ದು. ಅದು ಮುಗಿಯುವವರೆಗೆ ಅವರು ಒಮ್ಮೆಯೂ ಆಕಳಿಸಲಿಲ್ಲ. ಮುಗಿದ ಕ್ಷಣ, ಸರ್ರ್ ಎನ್ನುವ ಮುಂಚೆಯೇ, ಮುಳ್ಳು ಎತ್ತಿದರು. ಕೆಂಪು ದೀಪ ಆರಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರನ್ನೋ ಕಣ್ಣನ್ನೋ ನಾನು ನೋಡಲು ಹೋಗಲಿಲ್ಲ.

ಕೆಳಗೆ ಮುಖ್ಯಸ್ಥರು ಬೇಗನೇ ಬಂದು ಕೂತಿದ್ದರು. "ಹಗಲಿಗೆ ಬರ್ತೀನಿ ಸರ್," ಎಂದರು ಮುಳ್ಳಕ್ಕ, ನಿಂತೇ. ಮುಖ್ಯಸ್ಥರು ಎದ್ದು ನಿಂತರು. ಏನೋ ಒಳ್ಳೆಯ ಮಾತು ಹೇಳಹೊರಟರು. ಮುಳ್ಳಕ್ಕ, "ಒಂದು ಮಾತಿದೆ ಸರ್. ಕೊನೇ ಹಾಡು ನಿರೂಪಕರೇ ಆರಿಸ್ಲಿ. ಅದನ್ನ ನಾನು ತುಂಬ್ಸಲ್ಲ," ಎಂದರು. ಆಗಲಿ ಎಂದರು ಮುಖ್ಯಸ್ಥರು. ಇವತ್ತು ಮನೆಗೆ ಹೋಗಿ ಮಲಗಿ ಎಂದೂ ಹೇಳಿದರು.

ಗೇಟಿನ ಹೊರಗೆ ಬೆಳಕು ಹರಿದಿದೆ. ನಾಯಿ ಈಗ ಎದ್ದು ಮೈಮುರಿಯುತ್ತಿದೆ. ರಸ್ತೆಯಾಚೆ ಸ್ಟಾಪಿನಲ್ಲಿ ಒಂದು ಬಸ್ಸು ನಿಂತಿದೆ, ಒಳಗೆ ನರಪಿಳ್ಳೆಯಿಲ್ಲ. ಡ್ರೈವರಣ್ಣ ಕೆಳಗಿಳಿದು ಬಾಗಿಲ ಪಕ್ಕ ನಿಂತು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಾರೆ.

"ಏನೂ ಬೇಡ, ಸೀದಾ ಹೋಗಿ ಮಲಗಿ ಅಂತ ಹಾಕಿದ್ನಲ್ಲ," ಎಂದರು ಮುಳ್ಳಕ್ಕ. "ಯಾಕ್ ಬಂದ್ರಿ?"

"ಬಸ್ಸು ಖಾಲಿ ಇತ್ತು," ಎಂದರು ಅವರು.

ಇಬ್ಬರಿಗೂ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ ಎಂಬುದು ನೋಡಿದವರಿಗೆ ಗೊತ್ತಾಗುವಂತಿತ್ತು. ಮುಳ್ಳಕ್ಕ ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಮದುವೆಯಾದಾಗಿನಿಂದ ಗಂಡನ ಬಸ್ಸು ಹತ್ತುತ್ತಿರುವುದು ಇದೇ ಮೊದಲಂತೆ. ಎಲ್ಲ ಸೀಟೂ ಖಾಲಿಯಿದ್ದರೂ ಡ್ರೈವರ್ ಹಿಂದಿನ ಸೀಟಿಗೇ ಹೋಗಿ ಕೂತರು. ಕಿಟಕಿ ಸರಿಸಿ ನನ್ನನ್ನು ಹತ್ತಿರ ಕರೆದರು.

"ಬರ್ಕೊಳಿ," ಎಂದರು. "ಇನ್ಮೇಲೆ ಹಾಲು ಬೇಕಂದ್ರೆ ಬಾಯಿಬಿಟ್ಟೇ ಕೇಳ್ಬೇಕು."